ಕೆರೆ ಕಟ್ಟಿದವರು, ಕೆರೆ ಕಾಯ್ದವರು





ಇತಿಹಾಸವೆಂದರೆ ರಾಜರ ಕಥೆಯೆಂದೇ ನಮ್ಮಲ್ಲಿ ಬಹುಮಂದಿ ಭಾವಿಸಿದ್ದಾರೆ. ಯಾವ ದೊರೆ ಯಾರ ಮೇಲೆ ದಂಡೆತ್ತಿ ಹೋದನು, ಯಾರ ಪಟ್ಟಣವನ್ನು ಸೂರೆಗೊಂಡನು, ಎಷ್ಟು ವರ್ಷ ಆಳಿದನು ಎಂಬುದನ್ನು ಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆ ದೊರೆಗಳ ಕಾಲದಲ್ಲಿ ಒಕ್ಕಲಿಗನು ಏನನ್ನು ಬೆಳೆದನು, ಮಳೆ ಹೋದ ವರ್ಷ ಏನನ್ನು ಉಂಡನು, ಅವನ ದನಗಳು ಎಲ್ಲಿ ನೀರು ಕುಡಿದವು ಎಂಬುದನ್ನು ಕೇಳುವವರು ಕಡಿಮೆ. ಆದರೆ ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಸ್ಪಷ್ಟವಾಗಿ ತೋರುತ್ತದೆ. ಅವುಗಳಲ್ಲಿ ಕಾಳಗದ ಮಾತಿರುವಂತೆಯೇ ಕೆರೆಯ ಮಾತೂ ಇದೆ. ಕೆರೆಯನ್ನು ಕಟ್ಟಿಸಿದುದು, ಒಡೆದ ಕೆರೆಯನ್ನು ಮತ್ತೆ ಕಟ್ಟಿಸಿದುದು, ಕೆರೆಯ ಹೂಳೆತ್ತುವ ಬಂಡಿಗೆ ಭೂಮಿ ಬಿಟ್ಟುದು, ಇವೆಲ್ಲವನ್ನೂ ನಮ್ಮ ಪೂರ್ವಿಕರು ಕಲ್ಲಿನ ಮೇಲೆ ಕಂಡರಿಸಿ ಇಟ್ಟಿದ್ದಾರೆ.

ಈ ಹೊತ್ತು ನಾವು ಆ ಕೆರೆಯ ಇತಿಹಾಸವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಹೇಳುವುದಕ್ಕೆ ಕಾರಣವೂ ಇದೆ. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಈಗ ರೈತನು ಸಾಲ ಮಾಡಿ ಕೊಳವೆಬಾವಿ ಕೊರೆಯಿಸುತ್ತಾನೆ. ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಸಾವಿರ ಅಡಿ ದಾಟಿದರೂ ನೀರು ಸಿಕ್ಕೀತೆಂಬ ಭರವಸೆಯಿಲ್ಲ. ನೀರು ಬಾರದಿದ್ದರೆ ಸಾಲ ಉಳಿಯುತ್ತದೆ. ಬಂದರೂ ಕೆಲವು ವರ್ಷಗಳಲ್ಲಿ ಬತ್ತುತ್ತದೆ. ನಮ್ಮ ಹಿರಿಯರಿಗೆ ಯಂತ್ರವಿರಲಿಲ್ಲ, ವಿದ್ಯುತ್ತಿರಲಿಲ್ಲ. ಆದರೂ ಅದೇ ಹೊಲ, ಅದೇ ಮಳೆ, ಅದೇ ಮಣ್ಣನ್ನು ನೆಚ್ಚಿಕೊಂಡು ಸಾವಿರ ವರ್ಷ ಬೇಸಾಯ ಮಾಡಿದರು. ನಮಗೆ ಐವತ್ತು ಅರುವತ್ತು ವರ್ಷಗಳಲ್ಲಿಯೇ ನೀರು ಏಕೆ ಮುಗಿದುಹೋಯಿತು? ಇದನ್ನು ವಿಚಾರ ಮಾಡುವುದು ರೈತನೊಬ್ಬನ ಕೆಲಸವಲ್ಲ, ಅನ್ನ ಉಣ್ಣುವ ಎಲ್ಲರ ಕೆಲಸ.

ಶಾಸ್ತ್ರಕಾರರು ಗೃಹಸ್ಥನು ಮಾಡಬೇಕಾದ ಪುಣ್ಯಕಾರ್ಯಗಳನ್ನು ಇಷ್ಟ, ಪೂರ್ತ ಎಂದು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಯಜ್ಞಯಾಗಾದಿಗಳು ಇಷ್ಟ. ಬಾವಿ, ಕೆರೆ, ದೇವಾಲಯ, ತೋಪುಗಳನ್ನು ಮಾಡಿಸುವುದು ಪೂರ್ತ. ಪೂರ್ತ ಎಂಬ ಶಬ್ದವು ತುಂಬುವುದೆಂಬ ಅರ್ಥವುಳ್ಳ ಧಾತುವಿನಿಂದ ಹುಟ್ಟಿದೆ. ಯಜ್ಞದ ಫಲ ಮಾಡಿಸಿದವನಿಗೆ. ಪೂರ್ತದ ಫಲ ಬಾಯಾರಿ ಬಂದವರಿಗೆಲ್ಲ. ಇನ್ನೊಂದು ಪದ ಸಪ್ತಸಂತಾನ. ಮನುಷ್ಯನು ತನ್ನ ಬಳಿಕ ಈ ಲೋಕದಲ್ಲಿ ಉಳಿಸಿಹೋಗಬೇಕಾದ ಏಳು ಸಂತಾನಗಳಲ್ಲಿ ಮಗನೂ ಒಂದು, ಕೆರೆಯೂ ಒಂದು. ದೇವಾಲಯ, ವನ, ಅಗ್ರಹಾರ, ನಿಧಿ, ಕಾವ್ಯಗಳು ಉಳಿದ ಐದು. ಕೆರೆಯನ್ನು ಮಗನ ಸಾಲಿನಲ್ಲಿ ಕೂರಿಸಿದುದರ ಮರ್ಮವೇನು? ಮಗುವನ್ನು ಹೆತ್ತರೆ ಸಾಲದು, ಸಾಕಬೇಕು. ಹೆತ್ತ ದಿನ ಊರಿಗೆಲ್ಲ ಸಕ್ಕರೆ ಹಂಚಿ ಮರುದಿನದಿಂದ ಹಾಲೆರೆಯದೆ ಹೋದರೆ ಆ ಮಗು ಬದುಕುವುದಿಲ್ಲ. ಕೆರೆಯದೂ ಹಾಗೆಯೇ. ಕಟ್ಟಿದವನು ಹೆತ್ತ ತಂದೆ. ವರುಷ ವರುಷವೂ ಹೂಳೆತ್ತಿ, ಏರಿ ಬಲಪಡಿಸಿ, ತೂಬು ನೋಡಿಕೊಳ್ಳುವವನು ಸಾಕು ತಂದೆ. ನಮ್ಮ ಇತಿಹಾಸದಲ್ಲಿ ಹೆತ್ತವರ ಹೆಸರುಗಳು ಕಲ್ಲಿನ ಮೇಲೆ ಉಳಿದಿವೆ. ಸಾಕಿದವರ ಹೆಸರು ಉಳಿದಿರುವುದು ಅಪರೂಪ. ಆದರೆ ಕೆರೆಗಳು ಉಳಿದುದು ಈ ಎರಡನೆಯವರಿಂದ. ಈ ಪ್ರವಚನದಲ್ಲಿ ನಾವು ಹೇಳಬೇಕೆಂದಿರುವ ಮುಖ್ಯ ವಿಚಾರವೇ ಇದು.

ಸಾಕುವುದು ಎಷ್ಟು ದೊಡ್ಡ ಕೆಲಸವೆಂಬುದಕ್ಕೆ ಸೌರಾಷ್ಟ್ರದ ಗಿರಿನಗರದಲ್ಲಿ, ಎಂದರೆ ಇಂದಿನ ಜುನಾಗಢದ ಬಳಿ, ಒಂದು ಬಂಡೆಗಲ್ಲು ಸಾಕ್ಷಿಯಾಗಿದೆ. ಅದರ ಮೇಲೆ ಮಹಾಕ್ಷತ್ರಪ ರುದ್ರದಾಮನು ಕ್ರಿ. ಶ. 150ರ ಸುಮಾರಿನಲ್ಲಿ ಬರೆಸಿದ ಸಂಸ್ಕೃತ ಗದ್ಯಶಾಸನವಿದೆ. ಅಲ್ಲಿನ ಸುದರ್ಶನವೆಂಬ ಕೆರೆಯನ್ನು ಮೌರ್ಯ ಚಂದ್ರಗುಪ್ತನ ಅಧಿಕಾರಿ ಪುಷ್ಯಗುಪ್ತನು ಕಟ್ಟಿಸಿದ್ದನು. ಅಶೋಕನ ಕಾಲದಲ್ಲಿ ತುಷಾಸ್ಫನೆಂಬುವನು ಅದಕ್ಕೆ ಕಾಲುವೆಗಳನ್ನು ತೆಗೆಯಿಸಿದನು. ರುದ್ರದಾಮನ ಕಾಲಕ್ಕೆ ಭಯಂಕರವಾದ ಬಿರುಗಾಳಿ ಮಳೆಯಿಂದ ಆ ಕೆರೆ ಒಡೆಯಿತು. ಬಿರುಕು ಬಹಳ ದೊಡ್ಡದು, ಕಟ್ಟುವುದು ಅಸಾಧ್ಯ ಎಂದು ಮಂತ್ರಿಗಳು ಕೈಚೆಲ್ಲಿದರು. ಪ್ರಜೆಗಳು ಗೋಳಾಡಿದರು. ಆಗ ರುದ್ರದಾಮನು ಪ್ರಜೆಗಳ ಮೇಲೆ ಹೊಸ ಕರ ಹಾಕದೆ, ಬಿಟ್ಟಿಯ ದುಡಿಮೆ ಹೇರದೆ, ತನ್ನ ಬೊಕ್ಕಸದ ಹಣದಿಂದಲೇ ಅದನ್ನು ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಆ ಶಾಸನದಲ್ಲಿರುವ ವಿಷ್ಟಿ ಎಂಬ ಸಂಸ್ಕೃತ ಪದವೇ ನಮ್ಮ ಕನ್ನಡದ ಬಿಟ್ಟಿ. ಮುಂದೆ ಐದನೆಯ ಶತಮಾನದಲ್ಲಿ, ಗುಪ್ತ ಚಕ್ರವರ್ತಿ ಸ್ಕಂದಗುಪ್ತನ ಕಾಲದಲ್ಲಿ, ಅದೇ ಕೆರೆ ಮತ್ತೆ ಒಡೆಯಿತು. ಚಕ್ರಪಾಲಿತನು ಮತ್ತೆ ಕಟ್ಟಿಸಿದನು. ಆ ಮಾತೂ ಅದೇ ಬಂಡೆಯ ಮೇಲಿದೆ. ಮೂರು ರಾಜವಂಶಗಳು ಅಳಿದವು, ಕೆರೆ ಮಾತ್ರ ಏಳುನೂರು ವರ್ಷಕ್ಕೂ ಮೇಲ್ಪಟ್ಟು ನಡೆಯಿತು. ಕಟ್ಟಿದುದು ಒಮ್ಮೆ, ಕಾಯ್ದುದು ಹಲವು ಬಾರಿ.

ನಮ್ಮ ಕನ್ನಡ ನಾಡಿಗೆ ಬರೋಣ. ಚಿತ್ರದುರ್ಗದ ಹತ್ತಿರದ ಚಂದ್ರವಳ್ಳಿಯಲ್ಲಿರುವ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವು ಕೆರೆಯ ಕೆಲಸವನ್ನೇ ಹೇಳುತ್ತದೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಕಂಬವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಐದನೆಯ ಶತಮಾನದ ಆ ಕಂಬದ ಮೇಲೆ ಕುಬ್ಜನೆಂಬ ಕವಿ ರಚಿಸಿದ ಸುಂದರವಾದ ಸಂಸ್ಕೃತ ಕಾವ್ಯವಿದೆ. ಕದಂಬ ವಂಶದ ಚರಿತ್ರೆಯನ್ನು ಮಯೂರಶರ್ಮನಿಂದ ಆರಂಭಿಸಿ ಹೇಳುವ ಆ ಕಾವ್ಯ ಕೊನೆಗೆ ಬಂದು ನಿಲ್ಲುವುದು ಎಲ್ಲಿ? ಕಾಕುಸ್ಥವರ್ಮನು ಶಿವಾಲಯದ ಬಳಿ ಕಟ್ಟಿಸಿದ ಕೆರೆಯಲ್ಲಿ. ಕನ್ನಡ ನಾಡಿನ ಮೊದಲ ರಾಜಮನೆತನದ ಕೀರ್ತಿಸ್ತಂಭವನ್ನು ನಿಲ್ಲಿಸಿದುದು ಗೆದ್ದ ಕಾಳಗದ ನೆನಪಿಗಾಗಿ ಅಲ್ಲ, ಒಂದು ಕೆರೆಯ ನೆನಪಿಗಾಗಿ ಎಂಬುದನ್ನು ನಮ್ಮ ಮಕ್ಕಳಿಗೆ ನಾವು ಹೇಳಿಕೊಡಬೇಕು.

ವಿಜಯನಗರದ ಕಾಲಕ್ಕೆ ಈ ವಿದ್ಯೆ ಶಾಸ್ತ್ರವಾಗಿಯೇ ಬೆಳೆದಿದ್ದಿತು. ಇಂದಿನ ಆಂಧ್ರಪ್ರದೇಶದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಒಂದನೆಯ ಬುಕ್ಕರಾಯನ ಮಗ ಭಾಸ್ಕರನು 1369ರಲ್ಲಿ ಹಾಕಿಸಿದ ಸಂಸ್ಕೃತ ಶಾಸನವಿದೆ. ಆ ಕೆರೆಯ ಕೆಲಸಕ್ಕೆ ಪ್ರತಿದಿನವೂ 1,000 ಆಳುಗಳು, ಕಲ್ಲು ಸಾಗಿಸುವುದಕ್ಕೆ 100 ಬಂಡಿಗಳು, ಹಿಡಿದ ಕಾಲ ಎರಡು ವರ್ಷ ಎಂಬ ಲೆಕ್ಕವನ್ನೂ ಅದು ಕೊಡುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಒದಗಬಹುದಾದ ಆರು ದೋಷಗಳನ್ನೂ ಅದರಲ್ಲಿ ಎಣಿಸಿದ್ದಾರೆ. ಧರ್ಮಿಷ್ಠನಾದ ದೊರೆ, ಜಲಶಾಸ್ತ್ರ ಬಲ್ಲ ವಿದ್ವಾಂಸ, ಗಟ್ಟಿಯಾದ ಜೇಡಿ ನೆಲ, ಸಿಹಿನೀರಿನ ಹೊಳೆ, ಆತುಕೊಳ್ಳಲು ಗುಡ್ಡ, ಬಲವಾದ ಕಲ್ಲಿನ ಕಟ್ಟೆ, ಹತ್ತಿರದಲ್ಲಿಯೇ ಕಲ್ಲುಗಣಿ, ಕೆಲಸ ಬಲ್ಲ ಜನರ ತಂಡ, ಇವು ಅಂಗಗಳಲ್ಲಿ ಕೆಲವು. ದೋಷಗಳಲ್ಲಿ ಮೊದಲನೆಯದು ಏರಿಯಿಂದ ನೀರು ಜಿನುಗುವುದು. ಸವುಳು ನೆಲ ಇನ್ನೊಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು ಮತ್ತೊಂದು ದೋಷ. ಈ ಹೊತ್ತಿನ ನೀರಿನ ಜಗಳಗಳನ್ನು ಕಂಡವರಿಗೆ ಇದರ ಸತ್ಯ ಬೇಗ ತಿಳಿಯುತ್ತದೆ. ಕೆರೆಯ ನಡುವೆ ದಿಬ್ಬವಿರುವುದು ನಾಲ್ಕನೆಯದು.

ಉಳಿದ ಎರಡು ದೋಷಗಳನ್ನು ರೈತಬಂಧುಗಳು ಗಮನವಿಟ್ಟು ಕೇಳಬೇಕು. ನೀರು ಕಡಿಮೆಯಿದ್ದು ಅದರಿಂದ ಬೆಳೆಯಬೇಕಾದ ನೆಲ ಹೆಚ್ಚಾಗಿರುವುದು ಒಂದು ದೋಷ. ನೀರು ಹೆಚ್ಚಿದ್ದು ನೆಲ ಕಡಿಮೆಯಿರುವುದು ಇನ್ನೊಂದು ದೋಷ. ಇಂದಿನ ವಿದ್ವಾಂಸರು ದೊಡ್ಡ ದೊಡ್ಡ ಗ್ರಂಥಗಳಲ್ಲಿ ಹೇಳುವ ತತ್ತ್ವವನ್ನು ಆರೂವರೆ ಶತಮಾನಗಳ ಹಿಂದೆ ಎರಡೇ ಮಾತಿನಲ್ಲಿ ಹೇಳಿದ್ದಾರೆ. ನೀರೆಷ್ಟೋ ಬೆಳೆ ಅಷ್ಟು. ಆಸೆ ಎಷ್ಟೋ ಅಷ್ಟು ಬೆಳೆಯೆಂಬುದು ಬೇಸಾಯವಲ್ಲ.

ಇನ್ನು ಕೆರೆಯನ್ನು ಸಾಕುತ್ತಿದ್ದ ಬಗೆಯನ್ನು ನೋಡೋಣ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ. ಹೀಗೆ ಕೆರೆಗಳು ಒಂದಕ್ಕೊಂದು ಪೋಣಿಸಿದ ಸರದಂತಿರುತ್ತವೆ. ಮಳೆಯ ನೀರಿನೊಡನೆ ಮೇಲಣ ಹೊಲ ಕಾಡುಗಳ ಮಣ್ಣೂ ಗೊಬ್ಬರವೂ ಕೊಚ್ಚಿಕೊಂಡು ಬಂದು ಕೆರೆಯ ತಳದಲ್ಲಿ ಹೂಳಾಗಿ ಕೂಡುತ್ತವೆ. ಹಾಗೆಯೇ ಬಿಟ್ಟರೆ ಕೆರೆ ವರುಷ ವರುಷಕ್ಕೆ ಮೇಲಾಗಿ ಕಡೆಗೆ ಬಯಲಾಗುತ್ತದೆ. ಬೇಸಗೆಯಲ್ಲಿ, ಕೆರೆ ಬತ್ತಿದಾಗ, ರೈತರು ಬಂಡಿ ಕಟ್ಟಿಕೊಂಡು ಬಂದು ಆ ಗೋಡನ್ನು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು. ಕೆಂಪು ಮಣ್ಣಿನ ಹೊಲಕ್ಕೆ ಕೆರೆಗೋಡು ಬಿದ್ದರೆ ಹಸಿ ನಿಲ್ಲುತ್ತದೆ, ಪೈರು ಎದ್ದು ಬರುತ್ತದೆ. ಹೊಲದಿಂದ ಹೋದ ಮಣ್ಣು ಹೊಲಕ್ಕೆ ಬಂದಿತು. ಕೆರೆಗೆ ಆಳ ಬಂದಿತು. ಆಳವಾದ ಕೆರೆಯ ನೀರು ಇಂಗಿ ಏರಿಯ ಕೆಳಗಿನ ಬಾವಿಗಳಿಗೆ ಜಲ ಬಂದಿತು. ಒಂದು ಕೆಲಸದಲ್ಲಿ ಮೂರು ಲಾಭ. ಪೇಟೆಯ ಗೊಬ್ಬರಕ್ಕೆ ಹಣ ಸುರಿದು, ಕೆರೆಯ ಗೊಬ್ಬರವನ್ನು ಕೆರೆಯಲ್ಲಿಯೇ ಕೊಳೆಯಬಿಡುವ ನಾವು ಇದನ್ನು ಯೋಚಿಸಬೇಕು.

ಈ ಕೆಲಸ ತಾನಾಗಿಯೇ ನಡೆಯುತ್ತಿರಲಿಲ್ಲ, ಅದಕ್ಕೆ ಏರ್ಪಾಡಿತ್ತು. ಕೆರೆಯನ್ನು ಕಟ್ಟಿ ಕಾಯುವವರಿಗೆ ಬಿಟ್ಟ ಭೂಮಿಗೆ ಕಟ್ಟುಗೊಡಗೆ ಎಂದು ಹೆಸರು. ಕೆರೆಯ ಕೆಲಸಕ್ಕಾಗಿ ಬಿಟ್ಟ ದತ್ತಿಯನ್ನು ಬಿತ್ತುವಟ್ಟ ಎಂದು ಶಾಸನಗಳು ಕರೆಯುತ್ತವೆ. ಹೂಳು ಹೊರುವ ಕೆರೆಬಂಡಿಗೆ, ಅದನ್ನೆಳೆಯುವ ಕೋಣಗಳಿಗೆ, ಅದರ ಆಳಿಗೆ ಬೇರೆ ದತ್ತಿಗಳುಂಟು. ತೂಬು ತೆಗೆದು ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಹಂಚುವವನು ನೀರುಗಂಟಿ. ಅವನ ಜೀವನಕ್ಕೆ ಕಣದಲ್ಲಿ ಇಂತಿಷ್ಟು ಧಾನ್ಯವೆಂದು ಗೊತ್ತುಪಾಡಿತ್ತು. ಕೆರೆ ತುಂಬಿದ ವರ್ಷ ಭತ್ತ, ಅರ್ಧ ತುಂಬಿದ ವರ್ಷ ರಾಗಿ ಜೋಳ, ಇನ್ನೂ ಕಡಿಮೆಯಾದರೆ ನೀರು ದನಕರುಗಳಿಗೆ ಮಾತ್ರ ಎಂದು ಊರವರು ಏರಿಯ ಮೇಲೆ ಕುಳಿತು ತೀರ್ಮಾನ ಮಾಡಿಕೊಳ್ಳುತ್ತಿದ್ದರು. ಪೋರುಮಾಮಿಳ್ಳದ ಶಾಸನ ಹೇಳಿದ ನೀತಿಯನ್ನು ಸಂಸ್ಕೃತದ ಗಂಧವಿಲ್ಲದ ನೀರುಗಂಟಿ ನಡೆಯಿಸಿ ತೋರಿಸಿದನು.

ಕೆರೆಯ ಮಾತು ಬಂದಮೇಲೆ ಶಿವಯೋಗಿ ಸಿದ್ಧರಾಮೇಶ್ವರರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯನ್ನು, ಎಂದರೆ ಇಂದಿನ ಸೊಲ್ಲಾಪುರವನ್ನು, ಅವರು ಕೆರೆ ದೇವಾಲಯಗಳಿಂದ ಪುಣ್ಯಕ್ಷೇತ್ರವನ್ನಾಗಿ ಮಾಡಿದರು. ಅವರ ಚರಿತ್ರೆಯನ್ನು ಮುಂದಿನ ಶತಮಾನದಲ್ಲಿ ರಾಘವಾಂಕನು ಕಾವ್ಯವಾಗಿ ಹಾಡಿದನು. ಸಾವಿರಾರು ಜನ ಬುಟ್ಟಿ ಸಲಿಕೆ ಹಿಡಿದು ಕೆರೆಯನ್ನು ತೋಡುತ್ತಿರುವಲ್ಲಿಗೆ ಅಲ್ಲಮಪ್ರಭುದೇವರು ಬಂದರು. ಒಡ್ಡರಾಮನೆಲ್ಲಿ ಎಂದು ಕೇಳಿದರು. ಗುರುವನ್ನು ಒಡ್ಡನೆಂದು ಕರೆದುದಕ್ಕೆ ಶಿಷ್ಯರು ಕೆರಳಿ ಕಲ್ಲೆಸೆದರೆಂದು ಪರಂಪರೆ ಹೇಳುತ್ತದೆ. ಕೊನೆಗೆ ಪ್ರಭುದೇವರ ಬೋಧೆಯಿಂದ ಸಿದ್ಧರಾಮರು ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನವರಿಂದ ಲಿಂಗದೀಕ್ಷೆ ಪಡೆದರು.

ಈ ಪ್ರಸಂಗವನ್ನು ಕೆಲವರು, ಕೆರೆ ಕಟ್ಟುವುದು ಕೀಳು, ಒಳಗಿನ ಸಾಧನೆಯೇ ಮೇಲು ಎಂದು ಅರ್ಥ ಮಾಡುತ್ತಾರೆ. ಅದು ನಮಗೆ ಸರಿಯೆಂದು ತೋರುವುದಿಲ್ಲ. ಪ್ರಭುದೇವರು ಕೆರೆಯನ್ನು ಮುಚ್ಚು ಎಂದು ಹೇಳಲಿಲ್ಲ. ಕೆರೆಯನ್ನು ಕಟ್ಟಿದವನು ನಾನು ಎಂಬ ಭಾವವನ್ನು ಮುಚ್ಚು ಎಂದರು. ಮಣ್ಣು ಹೊರುವ ಒಡ್ಡರ ಕಾಯಕದ ಹೆಸರಿನಿಂದ ಕರೆದುದು ಬೈಗುಳವಾದುದು ಕೇಳಿದವರ ಕಿವಿಯಲ್ಲಿ. ಶರಣರ ದೃಷ್ಟಿಯಲ್ಲಿ ಯಾವ ಕಾಯಕವೂ ಬೈಗುಳವಲ್ಲ. ಕಟ್ಟುವಾಗ ಅಹಂಕಾರಕ್ಕೆ ಎಡೆಯುಂಟು, ಏಕೆಂದರೆ ಕಟ್ಟಿದವನಿಗೆ ಕಲ್ಲಿನ ಮೇಲೆ ಹೆಸರು ಬರುತ್ತದೆ. ಕಾಯುವಾಗ ಅಹಂಕಾರಕ್ಕೆ ಎಡೆಯಿಲ್ಲ. ಹೂಳೆತ್ತಿದವನ ಹೆಸರನ್ನು ಯಾರೂ ಬರೆಸುವುದಿಲ್ಲ. ಆದ್ದರಿಂದ ನಿರಹಂಕಾರವಾದ ಕಾಯಕಕ್ಕೆ ಹೂಳೆತ್ತುವುದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ಕಾಣೆವು.

ಹಾಗೆಂದು ಹಿಂದಿನ ಕಾಲವೆಲ್ಲ ಚಿನ್ನದ ಕಾಲವೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವುದು ಸತ್ಯಕ್ಕೆ ಅಪಚಾರ. ನಮ್ಮ ಹೆಣ್ಣುಮಕ್ಕಳು ತಲೆತಲಾಂತರದಿಂದ ಹಾಡುತ್ತ ಬಂದ ‘ಕೆರೆಗೆ ಹಾರ’ ಎಂಬ ಕಥನಗೀತವನ್ನು ನೀವೆಲ್ಲ ಕೇಳಿದ್ದೀರಿ. ತೋಡಿದ ಕೆರೆಗೆ ನೀರು ಬರಲಿಲ್ಲವೆಂದು ಮನೆಯ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಟ್ಟ ಕಥೆ ಅದು. ಅದು ನಡೆದ ಸಂಗತಿಯೋ ಕಟ್ಟಿದ ಕಥೆಯೋ, ಆ ಹಾಡಿನೊಳಗಿನ ಅಳು ಮಾತ್ರ ನಿಜ. ಊರಿನ ಹಿತಕ್ಕೆ ಬಲಿಯಾಗಬೇಕಾದಾಗ ಹಿರಿಯರು ತಮ್ಮ ಕಡೆ ನೋಡಿಕೊಳ್ಳಲಿಲ್ಲ. ಮಾತಾಡಲಾರದವಳ ಕಡೆ ನೋಡಿದರು. ಕೆರೆಗೆ ಬೇಕಾದುದು ಹೆಣ್ಣಿನ ಪ್ರಾಣವಲ್ಲ, ಊರಿನ ಬೆವರು. ದಯೆಯನ್ನೇ ಧರ್ಮದ ಮೂಲವೆಂದು ತಿಳಿದ ಬಸವಾದಿ ಶರಣರ ಮಾರ್ಗದಲ್ಲಿ ನಡೆಯುವವರು ಆ ಹಾಡನ್ನು ಕೇಳಿ ಕೈಮುಗಿದರೆ ಸಾಲದು, ತಲೆ ತಗ್ಗಿಸಬೇಕು.

ಇನ್ನೊಂದು ಅನ್ಯಾಯ ಇದಕ್ಕಿಂತ ವಿಸ್ತಾರವಾದುದು. ಕೆರೆಯ ಮಣ್ಣು ಹೊತ್ತವರಲ್ಲಿ ಎಷ್ಟೋ ಮಂದಿಗೆ ಆ ಕೆರೆಯ ನೀರನ್ನು ಮುಟ್ಟುವ ಹಕ್ಕಿರಲಿಲ್ಲ. ದನ ಕುಡಿಯಬಹುದು, ಮನುಷ್ಯ ಕುಡಿಯಬಾರದು! ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಬಿ. ಆರ್. ಅಂಬೇಡ್ಕರರು 1927ರ ಮಾರ್ಚ್ 20ರಂದು ಸಾವಿರಾರು ಜನರೊಡನೆ ಹೋಗಿ ಚೌದಾರ್ ಕೆರೆಯ ನೀರನ್ನು ಕುಡಿದರು. ಒಂದು ಬೊಗಸೆ ನೀರು ಕುಡಿಯುವುದಕ್ಕೆ ಸತ್ಯಾಗ್ರಹ ಮಾಡಬೇಕಾಯಿತೆಂದರೆ ಆ ಕೆರೆಗೆ ಹಿಡಿದ ಹೂಳು ಎಷ್ಟು ಶತಮಾನಗಳದು! ಪೋರುಮಾಮಿಳ್ಳದ ಶಾಸನವು ಆರು ದೋಷಗಳನ್ನು ಎಣಿಸಿತು. ಈ ಏಳನೆಯ ದೋಷವನ್ನು ಅದು ಎಣಿಸಲಿಲ್ಲ. ನಾವು ಎಣಿಸಬೇಕು. ಎಲ್ಲರದಲ್ಲದ ಕೆರೆಯನ್ನು ಎಲ್ಲರೂ ಸೇರಿ ಕಾಯುವುದು ಸಾಧ್ಯವಿಲ್ಲ.

ಈ ಏರ್ಪಾಡು ಮುರಿದುಬಿದ್ದುದು ಒಂದು ದಿನದಲ್ಲಿ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದಾಗ, ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು 1866ರಲ್ಲಿ ಸಂಸ್ಥಾನದ ಕೆರೆಗಳನ್ನು ಕುರಿತು ಬರೆದರು. ನಾಡಿನ ನೂರಕ್ಕೆ ಸುಮಾರು 60 ಭಾಗ ನೆಲದ ನೀರು ಕೆರೆಗಳಿಗೆ ಹರಿಯುವಂತೆ ಇಲ್ಲಿನ ಜನ ತಾಳ್ಮೆಯಿಂದ ಮಾಡಿದ್ದಾರೆ, ಹೊಸ ಕೆರೆಗೆ ತಕ್ಕ ಸ್ಥಳ ಹುಡುಕುವುದೇ ಕಷ್ಟ ಎಂಬುದು ಅವರ ಬರಹದ ತಾತ್ಪರ್ಯ. ಪರದೇಶದ ಎಂಜಿನಿಯರನೊಬ್ಬನು ನಮ್ಮ ಒಕ್ಕಲಿಗರಿಗೆ ಕೊಟ್ಟ ಪ್ರಶಸ್ತಿಪತ್ರವದು. ಆದರೆ ಅದೇ ಕಾಲದಲ್ಲಿ ಕೆರೆಯ ಹೊಣೆ ಊರಿನ ಕೈಯಿಂದ ಇಲಾಖೆಯ ಕೈಗೆ ಸರಿಯತೊಡಗಿತು. ಇಲಾಖೆ ಬಂದಿತು ಎಂದಕೂಡಲೆ ಊರು ಹಿಂದೆ ಸರಿಯಿತು. ಎಲ್ಲ ಹಳ್ಳಿಗಳ ಎಲ್ಲ ಕೆರೆಗಳನ್ನೂ ನೋಡಿಕೊಳ್ಳುವಷ್ಟು ಆಳು ಹಣ ಇಲಾಖೆಗೂ ಇರಲಿಲ್ಲ.

1876ರಿಂದ 1878ರ ವರೆಗಿನ ಮಹಾಕ್ಷಾಮವು ನಮ್ಮ ನಾಡನ್ನು ಸುಟ್ಟಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೆ ಮೇಲಿದ್ದಿತು. 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿಯಿತು. ಮಳೆಯೇ ಮುನಿದಾಗ ಕೆರೆಯೂ ಕೈಬಿಡುತ್ತದೆ ಎಂಬುದು ನಿಜ. ಕೆರೆಯಿದ್ದರೆ ಕ್ಷಾಮವೇ ಬಾರದೆಂದು ನಾವು ಹೇಳಲಾರೆವು. ಆದರೆ ಹೂಳು ತುಂಬಿದ ಕೆರೆ ಒಂದು ವರ್ಷದ ಬರಕ್ಕೇ ಕೈಬಿಡುತ್ತದೆ, ಕಾಯ್ದ ಕೆರೆ ಇನ್ನೊಂದು ವರ್ಷ ಕೈಹಿಡಿಯುತ್ತದೆ. ಬದುಕಿಗೂ ಸಾವಿಗೂ ನಡುವೆ ಇರುವ ಅಂತರ ಎಷ್ಟೋ ವೇಳೆ ಆ ಒಂದು ವರ್ಷವೇ.

ಊರಿಗೆ ಹೊಣೆಯನ್ನು ಮರಳಿ ಕೊಡುವ ಪ್ರಯತ್ನವೂ ನಡೆಯಿತು. ಮೈಸೂರು ಸರ್ಕಾರ 1911ರಲ್ಲಿ ಕೆರೆ ಪಂಚಾಯತಿಗಳ ಕಾಯಿದೆಯನ್ನು ಮಾಡಿತು. ಆದರೆ ಬಿಟ್ಟುಹೋದ ಅಭ್ಯಾಸ ಕಾಯಿದೆಯಿಂದ ಮಾತ್ರ ಮರಳಿ ಬರಲಿಲ್ಲ. ಸ್ವಾತಂತ್ರ್ಯ ಬಂದಮೇಲೆ 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗ, ಪಟೇಲ, ತೋಟಿ, ತಳವಾರ, ನೀರುಗಂಟಿಕೆಗಳು ಹೋದವು. ಹುಟ್ಟಿನಿಂದಲೇ ಒಬ್ಬನನ್ನು ಊರಿನ ಆಳಾಗಿ ಮಾಡುವ ಪದ್ಧತಿ ಹೋದುದು ಒಳ್ಳೆಯದೇ ಆಯಿತು. ಅದಕ್ಕಾಗಿ ನಾವು ಸಂತೋಷಪಡಬೇಕು. ಆದರೆ ಆಳುತನ ಹೋದಾಗ ಆ ಕೆಲಸವನ್ನು ಯಾರು ಮಾಡಬೇಕೆಂದು ಊರು ಯೋಚಿಸಲಿಲ್ಲ. ಸಂಕೋಲೆ ಕಳಚುವಾಗ ಕೀಲಿಕೈಯನ್ನೂ ಬಾವಿಗೆ ಎಸೆದಂತಾಯಿತು.

ಅದೇ ಕಾಲಕ್ಕೆ ದೇಶಕ್ಕೆ ಅನ್ನದ ಕೊರತೆ ಬಂದಿತು. 1960ರ ದಶಕದಲ್ಲಿ ಅಮೆರಿಕದ ಹಡಗುಗಳಲ್ಲಿ ಗೋಧಿ ಬಂದರೆ ನಾವು ಉಣ್ಣುವಂತಿದ್ದಿತು. ಹೊಸ ಬೀಜ, ರಾಸಾಯನಿಕ ಗೊಬ್ಬರ, ವಿದ್ಯುತ್ ಪಂಪುಗಳಿಂದ ನಮ್ಮ ರೈತನು ದೇಶವನ್ನು ಆ ಅವಮಾನದಿಂದ ಪಾರುಮಾಡಿದನು. ಆ ಉಪಕಾರವನ್ನು ಮರೆತು ಹಸಿರು ಕ್ರಾಂತಿಯನ್ನು ಬೈಯುವುದು ಹೊಟ್ಟೆ ತುಂಬಿದವರ ಮಾತು. ಆದರೆ ಪಂಪು ಬಂದಾಗ ನೀರು ನನ್ನ ಹೊಲದ ಅಡಿಯಲ್ಲಿಯೇ ಇದೆ, ಊರಿನ ಹಂಗೇಕೆ ಎಂಬ ಭಾವವೂ ಬಂದಿತು. ಕೆರೆಗೆ ಹತ್ತು ಜನ ಕೂಡಬೇಕು; ಗುಂಡಿ ಒತ್ತುವುದಕ್ಕೆ ಒಂದು ಬೆರಳು ಸಾಕು. ನಮ್ಮ ರಾಜ್ಯದಲ್ಲಿ 2008ರಿಂದ 10 ಅಶ್ವಶಕ್ತಿಯ ವರೆಗಿನ ಪಂಪುಗಳಿಗೆ ವಿದ್ಯುತ್ತೂ ಉಚಿತವಾಯಿತು. ಕೆರೆಯ ನೀರು ಈ ವರ್ಷದ ಮಳೆ. ಆಳದ ಕೊಳವೆಬಾವಿಯ ನೀರು ನಮ್ಮ ಅಜ್ಜ ಮುತ್ತಜ್ಜಂದಿರ ಕಾಲಕ್ಕೂ ಹಿಂದೆ ಇಂಗಿದ ಮಳೆ. ಅದನ್ನು ತುಂಬದೆ ತೆಗೆಯುವುದೆಂದರೆ ಬಿತ್ತನೆಯ ಕಾಳನ್ನು ಕುಟ್ಟಿ ಉಂಡಂತೆ. ಉಂಡ ದಿನ ಹೊಟ್ಟೆ ತುಂಬುತ್ತದೆ. ಮುಂಗಾರು ಬಂದಾಗ ಬಿತ್ತುವುದಕ್ಕೆ ಏನೂ ಇರುವುದಿಲ್ಲ.

ಆಳಕ್ಕೆ ಹೋದಂತೆ ನೀರಿನ ಗುಣವೂ ಕೆಡುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿಗೆ ಮೀರಬಾರದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೊದಲಾದ ಕಡೆಗಳಲ್ಲಿ ಎಷ್ಟೋ ಕೊಳವೆಬಾವಿಗಳ ನೀರು ಈ ಮಿತಿಯನ್ನು ದಾಟಿದೆ. ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಮೂಳೆ ಬಾಗುತ್ತದೆ. ನಗರಗಳ ಪಾಡನ್ನು ಹೇಳುವುದೇ ಬೇಡ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಕೊಳಚೆ ತುಂಬಿದ ಬೆಳ್ಳಂದೂರು ಕೆರೆಯಲ್ಲಿ 2017ರಲ್ಲಿಯೂ 2018ರಲ್ಲಿಯೂ ಬೆಂಕಿ ಹತ್ತಿ ಹೊಗೆ ಎದ್ದಿತು. ಕೆರೆಗೆ ಬೆಂಕಿ ಬಿದ್ದಿತೆಂಬ ಮಾತನ್ನು ನಮ್ಮ ಯಾವ ಪುರಾಣಿಕನೂ ಕಲ್ಪಿಸಿಕೊಂಡಿರಲಿಕ್ಕಿಲ್ಲ!

ಬೆಳಕಿನ ಮಾತೂ ಇಲ್ಲದಿಲ್ಲ. ಜಲಸಂವರ್ಧನೆ ಯೋಜನಾ ಸಂಘವು ಹುಟ್ಟಿ ಕೆರೆಗಳನ್ನು ಊರಿನವರ ಸಂಘಗಳ ಮೂಲಕ ದುರಸ್ತಿ ಮಾಡಿಸುವ ಕೆಲಸಕ್ಕೆ ಕೈಹಾಕಿತು. 2014ರಲ್ಲಿ ಕೆರೆಗಳ ರಕ್ಷಣೆಗೆಂದು ಪ್ರಾಧಿಕಾರ ರಚಿಸುವ ಕಾಯಿದೆ ಬಂದಿತು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಮಾಡಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಬತ್ತಿದ ಬಾವಿಗಳಲ್ಲಿ ನೀರು ಕಂಡಿತೆಂದು ಹಿಗ್ಗಿದವರೂ ಇದ್ದಾರೆ. ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಈ ನೀರು ಬೇಡವೆಂದು ಹೋರಾಡಿದವರೂ ಇದ್ದಾರೆ. ಎರಡು ಪಕ್ಷದವರ ಮಾತಿನಲ್ಲಿಯೂ ಸತ್ಯವಿದೆ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರ ಹೆಸರನ್ನು ನೀವು ಕೇಳಿದ್ದೀರಿ. ಕುಂದೂರು ಬೆಟ್ಟದಲ್ಲಿ ಪ್ರಾಣಿ ಪಕ್ಷಿಗಳಿಗೆಂದು ಕಟ್ಟೆಗಳನ್ನು ತೋಡಿ, 2022ರಲ್ಲಿ ಅವರು ತೀರಿಕೊಂಡರು. ಅವರು ಓದಿದುದು ಶಾಸ್ತ್ರವನ್ನಲ್ಲ, ಬಾಯಾರಿದ ಜೀವದ ಕಣ್ಣನ್ನು. ಪೂರ್ತವೆಂಬ ಶಬ್ದದ ಅರ್ಥ ಕೋಶದಲ್ಲಿ ತಿಳಿಯದವರಿಗೆ ಆ ಬೆಟ್ಟದಲ್ಲಿ ತಿಳಿಯುತ್ತದೆ.

ಸ್ವಾಮಿಗಳು ಕೊಳವೆಬಾವಿ ಬೇಡವೆಂದರೆ ನಾವು ಏನನ್ನು ಉಣ್ಣಬೇಕು ಎಂದು ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿರಬಹುದು. ಅದು ನ್ಯಾಯವಾದ ಪ್ರಶ್ನೆ. ಕೊಳವೆಬಾವಿಯನ್ನು ಮುಚ್ಚಿ ಎಂದು ನಾವು ಹೇಳುತ್ತಿಲ್ಲ. ತೆಗೆದಷ್ಟನ್ನು ತುಂಬಿ ಎಂದು ಹೇಳುತ್ತಿದ್ದೇವೆ. ತುಂಬುವ ದಾರಿ ಊರ ಮುಂದೆಯೇ ಇದೆ. ಸರ್ಕಾರದ ಲೆಕ್ಕದಂತೆ ನಮ್ಮ ರಾಜ್ಯದಲ್ಲಿ 36,000ಕ್ಕೂ ಮೇಲ್ಪಟ್ಟು ಕೆರೆಗಳಿವೆ. ಹೊಸದಾಗಿ ಕಟ್ಟಬೇಕಾದುದು ಅಲ್ಪ, ಸಾಕಬೇಕಾದುದು ಬಹಳ. ಕೆರೆಗೆ ನೀರು ಬರುವ ಹಳ್ಳವನ್ನು ಒತ್ತರಿಸಿ ಉತ್ತವರು ಅದನ್ನು ಬಿಟ್ಟುಕೊಡಬೇಕು. ಕೆರೆಯ ಅಂಗಳದಲ್ಲಿ ಬೆಳೆದ ಬಳ್ಳಾರಿ ಜಾಲಿಯನ್ನು ಕಿತ್ತು, ಬೇಸಗೆಯಲ್ಲಿ ಗೋಡನ್ನು ಹೊಲಗಳಿಗೆ ಹೊಡೆಯಬೇಕು. ಆಳವಾಗಿಸುವ ಹೆಸರಿನಲ್ಲಿ ಹೂಳಿನ ಕೆಳಗಿನ ಗಟ್ಟಿ ಜೇಡಿಯನ್ನು ಕಿತ್ತು ಇಟ್ಟಿಗೆಗೂಡಿಗೆ, ಮರಳಿಗೆ ಮಾರುವವರಿಗೆ ಊರು ಅಡ್ಡ ನಿಲ್ಲಬೇಕು. ನೀರು ಕಡಿಮೆಯಾದ ವರ್ಷ ಭತ್ತ ಕಬ್ಬುಗಳ ಆಸೆ ಬಿಟ್ಟು ರಾಗಿ, ಜೋಳ, ನವಣೆಗಳಿಗೆ ಇಳಿಯಬೇಕು. ಈ ತೀರ್ಮಾನ ಮಾಡುವ ಕಟ್ಟೆಯ ಮೇಲೆ ಊರಿನ ಎಲ್ಲ ಕೇರಿಯವರೂ ಸಮನಾಗಿ ಕುಳಿತಿರಬೇಕು; ನೀರು ಹೊರುವ ಹೆಣ್ಣುಮಕ್ಕಳೂ ಅಲ್ಲಿ ಇರಬೇಕು. ಬಿಟ್ಟಿಯಿಲ್ಲದ, ಬಲಿಯಿಲ್ಲದ, ಭೇದವಿಲ್ಲದ ಕೆರೆ ನಮ್ಮ ಪೂರ್ವಿಕರಿಗೂ ಸಾಧ್ಯವಾಗಲಿಲ್ಲ. ಅದು ನಮ್ಮ ಪಾಲಿಗೆ ಉಳಿದ ಕೆಲಸ.

ನಮ್ಮ ಮಠಗಳೂ ಈ ಮಾತನ್ನು ಕಿವಿಯಲ್ಲಿಟ್ಟುಕೊಳ್ಳಬೇಕು. ಹೊಸ ಕಟ್ಟಡದ ಕಲ್ಲಿನ ಮೇಲೆ ಹೆಸರು ಬರೆಸಲು ದಾನ ಕೊಡುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಹಳೆಯ ಕೆರೆಯ ಹೂಳೆತ್ತಲು ಕೊಡುವವರನ್ನು ಹುಡುಕಬೇಕು. ಹೆಸರು ಬಾರದ ಕೆಲಸಕ್ಕೆ ಕೊಟ್ಟ ದಾನವೇ ದಾಸೋಹ. ಹೆಸರಿಗಾಗಿ ಕೊಟ್ಟುದು ವ್ಯಾಪಾರ. ಜಾತ್ರೆಯ ಮುನ್ನ ಊರೆಲ್ಲ ಕೂಡಿ ಮೂರು ದಿನ ಕೆರೆಯ ಗೋಡು ಹೊತ್ತರೆ ಅದು ರಥೋತ್ಸವಕ್ಕಿಂತ ಕಡಿಮೆಯಾದ ಸೇವೆಯಲ್ಲ. ತೇರಿನ ಹಗ್ಗಕ್ಕೆ ಹಚ್ಚುವ ಕೈಯನ್ನು ಮೊದಲು ಬುಟ್ಟಿಗೆ ಹಚ್ಚಿರಿ.

ಸುದರ್ಶನ ಕೆರೆಯ ಕಟ್ಟೆ ಒಡೆದಾಗ ಮಂತ್ರಿಗಳು ಆಗದೆಂದರು, ಪ್ರಜೆಗಳು ಅತ್ತರು, ದೊರೆ ಕಟ್ಟಿಸಿದನು. ಈಗ ದೊರೆಗಳಿಲ್ಲ, ಪ್ರಜೆಗಳೇ ದೊರೆಗಳು. ಆದ್ದರಿಂದ ಅಳುವುದಕ್ಕೂ ಆಗದೆನ್ನುವುದಕ್ಕೂ ನಮಗೆ ಅಧಿಕಾರವಿಲ್ಲ, ಕಟ್ಟುವುದಕ್ಕೆ ಮಾತ್ರ ಅಧಿಕಾರವಿದೆ. ಬರುವ ಬೇಸಗೆಯಲ್ಲಿ ನಿಮ್ಮ ನಿಮ್ಮ ಊರಿನ ಕೆರೆಯಂಗಳಕ್ಕೆ ಇಳಿದು ಒಂದೊಂದು ಬುಟ್ಟಿ ಹೂಳನ್ನು ಹೊತ್ತು ಮೇಲೆ ಬನ್ನಿ. ಶಿವಯೋಗಿ ಸಿದ್ಧರಾಮೇಶ್ವರರ ಕೃಪೆ ನಿಮ್ಮ ಮೇಲಿರಲಿ, ಮಳೆ ಬೆಳೆ ಚೆನ್ನಾಗಿ ಆಗಲಿ, ನಿಮಗೆಲ್ಲರಿಗೂ ಸನ್ಮಂಗಳವಾಗಲಿ ಎಂದು ಹಾರೈಸಿ ಈ ಪ್ರವಚನವನ್ನು ಮುಗಿಸುತ್ತೇವೆ.